ಕುರಿಹಟ್ಟಿಯ ತಟ್ಟು: ರಾಣೆಬೆನ್ನೂರು ಸೀಮೆಯಲ್ಲಿ ಕುದುರೆ ಕಂಡ ಬೇಸಗೆಗಳು

1764ರ ಮೇ ತಿಂಗಳಲ್ಲಿ ರಟ್ಟಿಹಳ್ಳಿಯ ಬಯಲಿನಲ್ಲಿ ಪೇಶ್ವೆ ಮಾಧವರಾಯನ ದಂಡು ಹೈದರಾಲಿಯ ದಂಡನ್ನು ಸೋಲಿಸಿತು. ಈ ಸೀಮೆಯ ಕುಪ್ಪೇಲೂರಿಗೆ ರಟ್ಟಿಹಳ್ಳಿ ದೂರದ ಊರೇನಲ್ಲ. ಎರಡೂ ಒಂದೇ ಬಿಸಿಲು, ಒಂದೇ ಮಣ್ಣಿನ ಊರುಗಳು. ಮೇ ತಿಂಗಳೆಂದರೆ ಇಲ್ಲಿ ಕೆರೆಗಳ ತಳ ಬಿರಿದಿರುತ್ತದೆ, ಬದುವಿನ ಹುಲ್ಲು ಕಡ್ಡಿಯಾಗಿರುತ್ತದೆ, ಬಣವೆಗಳು ಅರ್ಧಕ್ಕೆ ಇಳಿದಿರುತ್ತವೆ. 350 ಕೆಜಿ ತೂಗುವ ಸಾಧಾರಣ ಕುದುರೆಯೊಂದಕ್ಕೆ ದಿನಕ್ಕೆ ಸುಮಾರು 7 ಕೆಜಿ ಒಣ ಮೇವು ಬೇಕು. ಬಿಸಿಲಿನಲ್ಲಿ ದುಡಿದರೆ 30 ಲೀಟರಿಗೂ ಮಿಕ್ಕಿ ನೀರು ಬೇಕು. ಹತ್ತು ಸಾವಿರ ಕುದುರೆಗಳು ಒಂದೆಡೆ ಬೀಡುಬಿಟ್ಟರೆ ದಿನಕ್ಕೆ 70 ಟನ್ ಮೇವು, 3 ಲಕ್ಷ ಲೀಟರ್ ನೀರು! ದಂಡು ಬರುತ್ತದೆಂದರೆ ರೈತ ಕತ್ತಿಗಿಂತ ಮೊದಲು ತನ್ನ ಕಣಕಿಯ ಬಣವೆಗಾಗಿ ಹೆದರುತ್ತಿದ್ದನೆಂದರೆ ಆಶ್ಚರ್ಯವಿಲ್ಲ.

ಮರಾಠರ ದಂಡಯಾತ್ರೆಗೆ ಪಂಚಾಂಗವೇ ಸೇನಾಪತಿ. ದಸರೆಯಲ್ಲಿ ಬನ್ನಿ ಮುಡಿದು ಹೊರಟವರು ಹೊಳೆಗಳು ತುಂಬುವ ಮುಂಚೆ ಹಿಂದಿರುಗಬೇಕು. ಮೊದಲ ತಿಂಗಳುಗಳಲ್ಲಿ ಹೊಲದ ತುಂಬ ಪೈರು, ಹಳ್ಳದ ತುಂಬ ನೀರು. ಕೊನೆಯ ತಿಂಗಳುಗಳಲ್ಲಿ ಎರಡೂ ಇಲ್ಲ. ಅವರ ರಾವುತರಲ್ಲೂ ಎರಡು ಬಗೆ. ಸರಕಾರದ ಕುದುರೆ ಏರುವವನು ಬಾರಗೀರ, ಸ್ವಂತ ಕುದುರೆ ತರುವವನು ಶಿಲೇದಾರ. ಶಿಲೇದಾರನ ಕುದುರೆ ಬಿಸಿಲಿಗೆ ಬಿದ್ದರೆ ಅವನ ಆಸ್ತಿಯೂ ಹೋಯಿತು, ನೌಕರಿಯೂ ಹೋಯಿತು. ಯುದ್ಧವಿಲ್ಲದ ದಿನ ಅವನ ಚಾಕರಿಯೆಲ್ಲ ತೋಬರದಲ್ಲಿ ಹುರುಳಿ ಹಾಕುವುದು, ಬೆವರು ಉಜ್ಜಿ ತೆಗೆಯುವುದು, ಗೊರಸು ಕೆರೆದು ಕಲ್ಲು ತೆಗೆಯುವುದು. ಹಿಂದೆ ಮುಂದೆ ಹಗ್ಗ ಬಿಗಿದು ನೆರಳಿದ್ದಲ್ಲಿ ಕಟ್ಟುವುದೂ ಅವನದೇ ಕೆಲಸ.

ದೊಡ್ಡ ಕುದುರೆ ಈ ಸೀಮೆಗೆ ಯಾವತ್ತೂ ನೆಂಟನೇ.

ಹಾವೇರಿ ಜಿಲ್ಲೆಯ ವೀರಗಲ್ಲುಗಳಲ್ಲಿ ಕುದುರೆ ಏರಿದ ವೀರರು ಬೇಕಾದಷ್ಟು ಸಿಗುತ್ತಾರೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣ, ಕುದುರೆ ಏರಿ ಆಡುವ ಚೆಂಡಾಟ ಎಲ್ಲವೂ ಇವೆ. ಕನ್ನಡದಲ್ಲೇ ಅಭಿನವಚಂದ್ರ ಸುಮಾರು 1400ರ ಹೊತ್ತಿಗೆ ‘ಅಶ್ವವೈದ್ಯ’ ಬರೆದ. ಅರಮನೆಗೆ ಕುದುರೆಯ ಹೊಟ್ಟೆನೋವು ರಾಜಕಾರಣದಷ್ಟೇ ಗಂಭೀರ ವಿಷಯವಾಗಿತ್ತು. ಇಷ್ಟಿದ್ದರೂ ಸೈನ್ಯಕ್ಕೆ ಬೇಕಾದ ಎತ್ತರದ ತಳಿಯನ್ನು ಇಲ್ಲಿ ಬೇಕಾದಷ್ಟು ಬೆಳೆಸಲು ಆಗಲಿಲ್ಲ. ವರ್ಷವಿಡೀ ಹಸಿರು ಹುಲ್ಲು ಕೊಡುವ ವಿಶಾಲ ಗೋಮಾಳ ಇಲ್ಲಿಲ್ಲ. ಮಳೆ ನಾಲ್ಕು ತಿಂಗಳು, ಉಳಿದದ್ದು ಒಣಗು. ಹೀಗಾಗಿ ಕುದುರೆ ಕಡಲು ದಾಟಿ ಬರಬೇಕಾಯಿತು.

ಅರೇಬಿಯ ಮತ್ತು ಪರ್ಷಿಯ ಕೊಲ್ಲಿಯ ಕುದುರೆಗಳು ಗೋವ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಗೋವದಿಂದ ವಿಜಯನಗರಕ್ಕೆ ಹೋಗುವವರಿಗೆ ಬಂಕಾಪುರ ದಾರಿಯ ಊರು. ಕೃಷ್ಣದೇವರಾಯನ ತರುವಾಯ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ದೊರೆ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಾನೆಂದು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಓರ್ಮುಜ್‌ನವೂ ಇದ್ದವು, ನಾಡ ತಳಿಯವೂ ಇದ್ದವು. ಒಳ್ಳೆಯವನ್ನು ದೊರೆ ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದವನ್ನು ದಂಡನಾಯಕರಿಗೆ ಹಂಚುತ್ತಿದ್ದ. ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯಲ್ಲಿ ಕುದುರೆಗಳ ಸಾಲು ಸಾಲೇ ಕೆತ್ತನೆಯಾಗಿದೆ. ಇಷ್ಟು ದುಡ್ಡು ಸುರಿದು ತಂದ ಪ್ರಾಣಿಗೆ ಬೇಸಗೆಯಲ್ಲಿ ಬೇಯಿಸಿದ ಹುರುಳಿ, ಕೊಯ್ದು ತಂದ ಹುಲ್ಲು, ಬೀಸಲು ಆಳು. ಬೊಕ್ಕಸ ತುಂಬಿರುವ ತನಕ ಲಾಯ ತುಂಬಿರುತ್ತಿತ್ತು.

ಬೊಕ್ಕಸವಿಲ್ಲದವನ ಕುದುರೆಗಳ ಗತಿ ಏನೆಂಬುದು 1800ರಲ್ಲಿ ಇದೇ ನೆಲದ ಮೇಲೆ ತೋರಿತು. ಚನ್ನಗಿರಿಯಲ್ಲಿ ಹುಟ್ಟಿ ಹೈದರಾಲಿಯ ಸೈನ್ಯದಲ್ಲಿ ರಾವುತನಾಗಿದ್ದ ಧೋಂಡಿಯಾ ವಾಘ್, ಟಿಪ್ಪು ಸತ್ತ ಮೇಲೆ ಚದುರಿಹೋದ ಸವಾರರನ್ನು ಗುಡ್ಡೆ ಹಾಕಿಕೊಂಡು ಈ ಸೀಮೆಯಲ್ಲೆಲ್ಲ ಸುತ್ತಿದ. ಅವನನ್ನು ಅಟ್ಟಿಕೊಂಡು ಆರ್ಥರ್ ವೆಲ್ಲೆಸ್ಲಿ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ. 27ರಂದು ರಾಣೆಬೆನ್ನೂರಿನ ಕೋಟೆಗೆ ಲಗ್ಗೆ ಹಾಕಿ ಹಿಡಿದ. ಜುಲೈನಲ್ಲಿ ವರದಾ ದಾಟಿ ಸವಣೂರು ಸೇರಿದ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಈ ಬೆನ್ನಟ್ಟಿನಲ್ಲಿ ಅವನಿಗೆ ದೊಡ್ಡ ಚಿಂತೆ ಕಾಳಿನ ಮೂಟೆ ಹೊತ್ತ ಎತ್ತುಗಳದು. ಬೇಸಗೆಯುದ್ದಕ್ಕೂ ಸವೆದ ಕುದುರೆಗಳಿಗೆ ಮೊದಲ ಮಳೆಯ ಎಳೆಹುಲ್ಲು ಮೇವೂ ಹೌದು, ಹೊಟ್ಟೆಗೆ ಕೇಡೂ ಹೌದು. ನಡುವೆ ಕಾಳು ಸಿಗದಿದ್ದರೆ ಓಟ ನಿಂತಂತೆಯೇ. ಸೆಪ್ಟೆಂಬರ್ 10ರಂದು ರಾಯಚೂರು ದೋಆಬಿನ ಕೋನಗಲ್ ಬಳಿ ವೆಲ್ಲೆಸ್ಲಿ ತಾನೇ ಮುಂದಾಗಿ ನಾಲ್ಕು ಅಶ್ವದಳಗಳನ್ನು ನುಗ್ಗಿಸಿದ. ಧೋಂಡಿಯಾ ಅಲ್ಲೇ ಬಿದ್ದ.

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಕಂಪನಿಯ ಕೈಗೆ ಬಂತು. ರಾವುತರಿಗೆ ಕೆಲಸವಿಲ್ಲದಾಯಿತು. ಸಾಕುವ ಶಕ್ತಿಯಿದ್ದ ವಾಡೆಗಳ ಅಂಗಳದಲ್ಲಿ ಮಾತ್ರ ಒಂದೊಂದು ಸವಾರಿ ಕುದುರೆ ಉಳಿಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಕಂಪನಿ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಳಿ ಹಾಸಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಲ್ಲಿ ಉಗಿಬಂಡಿ ನಿಲ್ಲತೊಡಗಿದ ಮೇಲೆ ದೂರದ ಪಯಣಕ್ಕೆ ಕುದುರೆ ಬೇಡವಾಯಿತು. ನಿಲ್ದಾಣದಿಂದ ಪೇಟೆಗೆ ಓಡುವ ಟಾಂಗಾ ಉತ್ತರ ಕರ್ನಾಟಕದ ಊರುಗಳಲ್ಲಿ ಇನ್ನೂ ಹಲವು ದಶಕ ಬಾಳಿತು. ಆಟೋರಿಕ್ಷಾ ಬಂದು ಅದನ್ನೂ ಮೂಲೆಗೆ ತಳ್ಳಿತು. ದಂಡು, ವಾಡೆ, ಟಾಂಗಾ ಒಂದೊಂದಾಗಿ ಮುಚ್ಚಿದವು. ಆದರೂ ಏಪ್ರಿಲ್‌ನಲ್ಲಿ ಈ ಸೀಮೆಯ ರಸ್ತೆಗಳಲ್ಲಿ ಓಡಾಡುವವರಿಗೆ ಇವತ್ತಿಗೂ ಕುದುರೆಗಳು ಎದುರಾಗುತ್ತವೆ. ಅವು ಕುರುಬರ ಕುದುರೆಗಳು.

ಎತ್ತರ ಕಡಿಮೆ, ಎಲುಬು ಗಟ್ಟಿ, ಬಣ್ಣಕ್ಕೆ ಲೆಕ್ಕವಿಲ್ಲ. ಜನ ಇವನ್ನು ತಟ್ಟು ಎನ್ನುತ್ತಾರೆ. ದಖ್ಖನಿನ ಈ ಪುಟ್ಟ ಕುದುರೆಗಳನ್ನು ಅರಸರ ಕವಿಗಳು ಹೊಗಳಲಿಲ್ಲ, ಶಿಲ್ಪಿಗಳು ಕೆತ್ತಲಿಲ್ಲ. ಅರಬ್ಬಿ ಕುದುರೆ ಈ ಸೀಮೆಯಲ್ಲಿ ಬದುಕಿದ್ದು ಬೊಕ್ಕಸದ ಮೇಲೆ, ತಟ್ಟು ಬದುಕಿದ್ದು ಸುಗ್ಗಿ ಮುಗಿದ ಹೊಲದ ಮೇಲೆ. ಬೇಸಗೆಯನ್ನು ಗೆದ್ದು ಉಳಿದದ್ದು ಇದೊಂದೇ ಕುದುರೆ.

ಬೆಳಗಾವಿ, ಬಾಗಲಕೋಟೆ, ಗದಗ ಕಡೆಯ ಕುರಿಗಾಹಿಗಳು ಮುಂಗಾರಿನ ಪೈರು ಕೊಯ್ಲಾದ ಮೇಲೆ ಹಿಂಡು ಹೊಡೆದುಕೊಂಡು ದಕ್ಷಿಣಕ್ಕೆ, ಮಲೆನಾಡಿನ ಸೆರಗಿನ ಕಡೆಗೆ ಇಳಿಯುತ್ತಾರೆ. ನಾಲ್ಕಾರು ಮನೆಯವರು ಕೂಡಿದರೆ ಒಂದು ಹಟ್ಟಿ. ನೂರಾರು ಕುರಿ, ಕಾವಲಿಗೆ ನಾಯಿ, ಸಾಮಾನಿಗೆ ಕೆಲವು ತಟ್ಟು. ಇವರ ವರ್ಷದ ತಿರುಗಾಟಕ್ಕೂ ದಸರೆಯೇ ತಿರುವು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಆಯುಧಪೂಜೆಯ ದಿನ ಗೊರವಯ್ಯ ಬಿಲ್ಲೇರಿ ಮಾಲತೇಶನ ಕಾರಣಿಕ ನುಡಿಯುತ್ತಾನೆ. ಮಳೆ ಬೆಳೆಯ ಮುನ್ಸೂಚನೆಗಾಗಿ ಜನ ಅದಕ್ಕೆ ಕಿವಿಗೊಡುತ್ತಾರೆ. ಮಾಲತೇಶನೆಂದರೆ ಮೈಲಾರಲಿಂಗ, ಕುದುರೆ ಏರಿದ ದೇವರು, ಕುರುಬರ ಮನೆದೇವರು, ಜೊತೆಗೆ ಗಂಗಿಮಾಳವ್ವ ಮತ್ತು ನಾಯಿ. ಕುದುರೆ, ನಾಯಿ, ಗಂಡ, ಹೆಂಡತಿ: ದೇವರ ಪರಿವಾರವೂ ಹಟ್ಟಿಯ ಪರಿವಾರವೂ ಒಂದೇ.

ಹಟ್ಟಿಯ ಬೇಸಗೆಯ ದಿನ ಹೊತ್ತು ಮೂಡುವ ಮೊದಲೇ ಶುರುವಾಗುತ್ತದೆ. ಗಂಡಸರು ತಂಪು ಹೊತ್ತಿನಲ್ಲೇ ಕುರಿ ಬಿಡುತ್ತಾರೆ. ಹಟ್ಟಿ ಕೀಳುವುದು, ಕುದುರೆ ಹೇರುವುದು ಹೆಚ್ಚಾಗಿ ಹೆಂಗಸರ ಕೆಲಸ. ಬೆನ್ನಿನ ಮೇಲೆ ಮೊದಲು ಗೋಣಿ, ಅದರ ಮೇಲೆ ಮಡಚಿದ ಕಂಬಳಿ; ಎರಡೂ ಮಗ್ಗುಲಿಗೆ ತೂಕ ಸಮನಾಗಿ ಹಿಟ್ಟಿನ ಚೀಲ, ಪಾತ್ರೆ, ನೀರಿನ ಕೊಡ, ಕುರಿಗೆ ಬೇಲಿಯಾಗುವ ಬಲೆ, ತಾಡಪತ್ರಿ. ಒಂದು ಮಗ್ಗುಲು ಜಗ್ಗಿದರೆ ಬೆನ್ನು ಉಜ್ಜಿ ಹುಣ್ಣಾಗುತ್ತದೆ, ಬೇಸಗೆಯ ಬೆವರಿಗೆ ನೊಣಕ್ಕೆ ಅದು ಮಾಯುವುದಿಲ್ಲ. ಸಾಮಾನಿನ ಮೇಲೆ ನಿನ್ನೆ ಮೊನ್ನೆ ಹುಟ್ಟಿದ ಕುರಿಮರಿಗಳು; ಅವಕ್ಕೆ ಹಿಂಡಿನ ಜೊತೆ ನಡೆಯುವ ಕಾಲು ಬಂದಿರುವುದಿಲ್ಲ. ಕಾಲು ಕಟ್ಟಿದ ಕೋಳಿ, ಕೆಲವೊಮ್ಮೆ ಕೂಸು. ಇಡೀ ಮನೆ ಕುದುರೆಯ ಮೇಲೆ ಏರಿ, ಬಿಸಿಲು ಬಲಿಯುವ ಮುಂಚೆ ಮುಂದಿನ ಹೊಲ ಮುಟ್ಟುತ್ತದೆ.

ನಡುಹಗಲು ಕುದುರೆಯದೇ ಹೊತ್ತು. ಹೇರು ಇಳಿಸಿ, ಮುಂಗಾಲು ಎರಡನ್ನೂ ಸಡಿಲವಾಗಿ ಹಗ್ಗದಿಂದ ಕಟ್ಟಿ ಮೇಯಲು ಬಿಡುತ್ತಾರೆ. ದೂರ ಹೋಗಲಾರದು, ಬಾಯಿಗೆ ಅಡ್ಡಿಯಿಲ್ಲ. ಕುದುರೆಗೆ ಎತ್ತಿನಂತೆ ಮೆಲುಕು ಹಾಕುವ ಸೌಕರ್ಯ ಇಲ್ಲ. ದಪ್ಪ ನಾರನ್ನು ಕರುಳಿನ ಹಿಂಭಾಗದಲ್ಲಿ ಕೊಳೆಸಿ ಅರಗಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ಹಗಲು ರಾತ್ರಿ ಮೇಯುತ್ತಲೇ ಇರಬೇಕು. ಜೋಳದ ಕೂಳೆ, ಬದುವಿನ ಗರಿಕೆ, ಕಾಲುವೆ ಅಂಚಿನ ಜೊಂಡು, ರೈತ ಕೊಟ್ಟರೆ ಒಂದಷ್ಟು ಹೊಟ್ಟು. ಅದರ ಊಟ ಇಷ್ಟೇ. ಒಣ ಮೇವು ಹೆಚ್ಚಿ ನೀರು ಕಡಿಮೆಯಾದರೆ ಕರುಳು ಕಟ್ಟಿ ಹೊಟ್ಟೆನೋವು ಏಳುತ್ತದೆ. ಆ ನೋವಿಗೆ ಕುದುರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ, ಸಾಯುವುದೂ ಉಂಟು. ಹಾಗಾಗಿ ಬೀಡು ಎಲ್ಲಿ ಎಂಬ ಮಾತಿಗೆ ಮೊದಲ ಉತ್ತರ ನೀರು. ಹಿಂದೆ ಹಳ್ಳದ ಗುಂಡಿ, ಕೆರೆಯ ತಗ್ಗು. ಈಗ ಬೋರ್‌ವೆಲ್ಲಿನ ತೊಟ್ಟಿ. ಮೈ ಸಣ್ಣದಿರುವುದೂ ಇಲ್ಲಿ ಲಾಭ: ತೂಕಕ್ಕೆ ಹೋಲಿಸಿದರೆ ಸಣ್ಣ ಪ್ರಾಣಿಗೆ ಚರ್ಮದ ಹರವು ಹೆಚ್ಚು, ಕಾವು ಬೇಗ ಇಳಿಯುತ್ತದೆ.

ಈ ಬದುಕು ನಿಂತಿರುವುದು ಗೊಬ್ಬರದ ಮೇಲೆ. ರಾತ್ರಿ ಹಿಂಡನ್ನು ಹೊಲದಲ್ಲಿ ತರುಬಿದರೆ ಹಿಕ್ಕೆಯೂ ಮೂತ್ರವೂ ನೇರ ಮಣ್ಣಿಗೆ ಬೀಳುತ್ತವೆ. ಮೆಣಸಿನಕಾಯಿ, ಹತ್ತಿ, ಜೋಳ ಬಿತ್ತುವ ಈ ಸೀಮೆಯ ರೈತರು ಅದಕ್ಕೆ ಹಣವನ್ನೋ ಕಾಳನ್ನೋ ಕೊಡುತ್ತಾರೆ. ಒಂದೇ ಹೊಲದಲ್ಲಿ ಬಹಳ ದಿನ ನಿಂತರೆ ಮೇವು ತೀರುತ್ತದೆ, ಗೊಬ್ಬರವೂ ಸಾಕಾಗುತ್ತದೆ, ಹಟ್ಟಿ ಸರಿಯಲೇಬೇಕು. ಸರಿಯಲು ಕುದುರೆ ಬೇಕು. ಪಂಚಾಂಗದ ಅಶ್ವಿನಿ ಮಳೆ ಏಪ್ರಿಲ್ ನಡುವಿಗೆ ಹುಟ್ಟುತ್ತದೆ. ಅಲ್ಲಿಂದ ಭರಣಿ, ಕೃತ್ತಿಕೆ, ರೋಹಿಣಿ ದಾಟಿ ಜೂನ್ ಮೊದಲ ವಾರದ ಮೃಗಶಿರಕ್ಕೆ ಬಿತ್ತನೆಯ ಗಡಿಬಿಡಿ. ಬಿತ್ತಿದ ಹೊಲಕ್ಕೆ ಕುರಿ ಕಾಲಿಡುವಂತಿಲ್ಲ. ಅಷ್ಟರೊಳಗೆ ಹಿಂಡುಗಳು ಉತ್ತರಕ್ಕೆ ಮುಖ ತಿರುಗಿಸಿರುತ್ತವೆ.

ಕಳೆದ ಅರ್ಧ ಶತಮಾನದಲ್ಲಿ ಈ ಬೇಸಗೆಯ ನಕ್ಷೆಯೇ ಬದಲಾಗಿದೆ. ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರ್ ಬಯಲನ್ನು 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯವೆಂದು ಘೋಷಿಸಲಾಯಿತು. ಅದರ ಬಹುಪಾಲು ಹುಲ್ಲುಗಾವಲಿನಲ್ಲಿ ನೀಲಗಿರಿ ಬೆಳೆದು ನಿಂತಿದೆ. ಜೋಳದ ಹೊಲಗಳಲ್ಲಿ ಮೆಕ್ಕೆಜೋಳ ಬಂತು. ತುಂಗಾ ಮೇಲ್ದಂಡೆ ಕಾಲುವೆ ಮತ್ತು ಕೊಳವೆಬಾವಿಗಳಿಂದ ಅಡಿಕೆ, ತರಕಾರಿ, ಬೇಸಗೆ ಪೈರು ಏರುತ್ತಿವೆ. ರೈತನಿಗೆ ಒಳ್ಳೆಯದಾದ ಪ್ರತಿ ಹಸಿರು ಎಕರೆಯೂ ಕುರಿಹಿಂಡಿಗೆ ಬಾಗಿಲು ಮುಚ್ಚಿದ ಎಕರೆ.

ಕುದುರೆಯ ಲೆಕ್ಕ ದೇಶದಲ್ಲೇ ಕುಸಿದಿದೆ. 2012ರ ಜಾನುವಾರು ಗಣತಿಯಲ್ಲಿ ಭಾರತದಲ್ಲಿ 6 ಲಕ್ಷಕ್ಕೂ ಮಿಕ್ಕಿ ಕುದುರೆ, ತಟ್ಟುಗಳಿದ್ದವು. 2019ಕ್ಕೆ ಅವು 3.4 ಲಕ್ಷಕ್ಕೆ ಇಳಿದವು. ಆ ತರುವಾಯ ಮಹಾರಾಷ್ಟ್ರದ ಧನಗರರು ಸಾಕುವ ಭೀಮಥಡಿ ಕುದುರೆಗೆ ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಪ್ರತ್ಯೇಕ ತಳಿಯೆಂಬ ಮಾನ್ಯತೆ ಕೊಟ್ಟಿದೆ. ಸತ್ತುಹೋಯಿತೆಂದು ಹಲವರು ಬರೆದಿದ್ದ ಈ ಮರಾಠಾ ಕುದುರೆ ಲಾಯಗಳಲ್ಲಿ ಅಲ್ಲ, ಕುರಿಹಟ್ಟಿಗಳಲ್ಲಿ ಉಳಿದುಬಂದಿತ್ತು. ಕರ್ನಾಟಕದ ಕುರುಬರ ತಟ್ಟುಗಳೂ ಅದೇ ದಖ್ಖನಿನ ಪ್ರಾಣಿಗಳು.

ಕೆಲವು ಹಟ್ಟಿಗಳು ಈಗ ಸಾಮಾನಿಗೆ ಮಿನಿ ಲಾರಿ ಹಿಡಿಯುತ್ತವೆ. ಹೆದ್ದಾರಿಯುದ್ದಕ್ಕೂ ಸಾಗಲು, ಒಂದೇ ರಾತ್ರಿಯಲ್ಲಿ ಜಿಲ್ಲೆ ದಾಟಲು ಅದು ಅನುಕೂಲ. ಆದರೆ ಡೀಸೆಲ್ಲಿಗೆ ದುಡ್ಡು ಎಣಿಸಬೇಕು, ಕುದುರೆಗೆ ಕೂಳೆ ಸಾಕು. ಜೊತೆಗೆ ಕುಪ್ಪೇಲೂರಿನಂಥ ಊರುಗಳ ಒಳಹೊಲಗಳಿಗೆ ಹೋಗುವುದು ಬಂಡಿದಾರಿ. ಮೇ ಕೊನೆಯ ಅಡ್ಡಮಳೆ ಒಂದು ಗಂಟೆ ಹೊಯ್ದರೂ ಎರೆಮಣ್ಣು ಲಾರಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಎರಡು ಮೂರು ದಿನ ವಾಹನ ಅಲುಗುವುದಿಲ್ಲ, ರೈತನಿಗೋ ಹದ ತಪ್ಪುವ ಮೊದಲು ಹೊಲ ಖಾಲಿಯಾಗಬೇಕು. ಲಾರಿಗೆ ಬಾಡಿಗೆ ಕೊಡುವ ಹಟ್ಟಿಯವರೂ ತಟ್ಟು ಮಾರದಿರುವುದಕ್ಕೆ ಆ ಎರಡು ಮೂರು ದಿನಗಳೂ ಒಂದು ಕಾರಣ.