ಕಾಲೇಜ್ ಸ್ಟೇಷನ್ನಿನಲ್ಲಿ ಡೆರೆಕ್ ಬಾರ್ಟನ್

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಊರುಗಳ ನಡುವೆ ಗೆರೆ ಎಳೆದರೆ ಆಗುವ ತ್ರಿಕೋನದೊಳಗೆ ಕಾಲೇಜ್ ಸ್ಟೇಷನ್ ಇದೆ. ಅಲ್ಲಿನ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಸೇರಿಸಿದವರು ನಮ್ಮ ಬಳಗದಲ್ಲೂ ಇರಬಹುದು. ರಸಾಯನಶಾಸ್ತ್ರದಲ್ಲಿ 1969ರ ನೊಬೆಲ್ ಪ್ರಶಸ್ತಿಯನ್ನು ಓಡ್ ಹ್ಯಾಸೆಲ್ ಅವರೊಡನೆ ಹಂಚಿಕೊಂಡ ಸರ್ ಡೆರೆಕ್ ಬಾರ್ಟನ್ ಬದುಕಿನ ಕೊನೆಯ 12 ವರ್ಷ ದುಡಿದದ್ದು ಅಲ್ಲೇ.

ಹ್ಯೂಸ್ಟನ್ನಿನ ರಿಫೈನರಿಗಳಲ್ಲಿ ಹರಿಯುವ ಹೈಡ್ರೋಕಾರ್ಬನ್ನುಗಳಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಅವನ್ನು ಉರಿಸುವುದು ಸುಲಭ. ಬೇಕಾದ ಒಂದೇ ಒಂದು ಜಲಜನಕವನ್ನು ತೆಗೆದು ಅಲ್ಲಿ ಬೇರೆಯದನ್ನು ಕೂರಿಸುವುದು ಕಷ್ಟ. ಬಂಧಗಳೆಲ್ಲ ಹೆಚ್ಚುಕಡಿಮೆ ಒಂದೇ ತೆರ. ನಮ್ಮ ಪ್ರೋಗ್ರಾಮರುಗಳ ಮಾತಿನಲ್ಲಿ ಹೇಳುವುದಾದರೆ, ಯಾವುದಕ್ಕೂ ಅಡ್ರೆಸ್ ಇಲ್ಲ.

1960ರಲ್ಲಿ ಬಾರ್ಟನ್ ಬೆಳಕಿನಿಂದ ಆ ಅಡ್ರೆಸ್ ಹುಡುಕಿದರು. ದೇಹದ ಉಪ್ಪಿನ ಹದ ಕಾಯುವ ಆಲ್ಡೋಸ್ಟಿರೋನ್ ಹಾರ್ಮೋನು ಆಗ ಮಿಲಿಗ್ರಾಂ ಲೆಕ್ಕದಲ್ಲಿ ಸಿಗುತ್ತಿತ್ತು. ಅದರ ಹತ್ತಿರದ ಬಂಧು ಕಾರ್ಟಿಕೋಸ್ಟಿರೋನಿನ ಒಂದು ಆಮ್ಲಜನಕಕ್ಕೆ ನೈಟ್ರೈಟ್ ಗುಂಪು ಕಟ್ಟಿ ಬೆಳಕು ಹಾಯಿಸಿದಾಗ ಬಂಧ ಮುರಿಯಿತು. ಆಮ್ಲಜನಕ, ಒಂಟಿ ಎಲೆಕ್ಟ್ರಾನಿನ 'ರ‍್ಯಾಡಿಕಲ್' ಆಗಿ, ಕೈಗೆಟುಕುವ ಮೀಥೈಲ್ ಗುಂಪಿನಿಂದ ಜಲಜನಕ ಕಿತ್ತುಕೊಂಡಿತು. ಖಾಲಿ ಬಿದ್ದ ಜಾಗದಲ್ಲಿ ನೈಟ್ರಿಕ್ ಆಕ್ಸೈಡ್ ಬಂದು ಕೂತಿತು. ಹಾರ್ಮೋನನ್ನು ಗ್ರಾಂಗಟ್ಟಲೆ ತಯಾರಿಸುವ ದಾರಿ ತೆರೆಯಿತು. ಇಂದಿಗೂ ಪಠ್ಯಗಳಲ್ಲಿ ಇದು 'ಬಾರ್ಟನ್ ಕ್ರಿಯೆ'.

ಆದರೆ ಸಾದಾ ಹೈಡ್ರೋಕಾರ್ಬನ್ನಿನಲ್ಲಿ ನೈಟ್ರೈಟ್ ಕಟ್ಟಲು ಆಮ್ಲಜನಕವೇ ಇಲ್ಲವಲ್ಲ! ಅದಕ್ಕಾಗಿ ಬಾರ್ಟನ್ ಫ್ರಾನ್ಸಿನ ಜಿಫ್‌ನಲ್ಲಿದ್ದಾಗ ಕಬ್ಬಿಣದ ಮೊರೆಹೋದರು. 1986ರಲ್ಲಿ, ಇತರರು ನಿವೃತ್ತರಾಗುವ ವಯಸ್ಸಿನಲ್ಲಿ, ಅದೇ ಕೆಲಸ ಹೊತ್ತು ಟೆಕ್ಸಸ್‌ಗೆ ಬಂದರು. ಕಬ್ಬಿಣ, ಹೈಡ್ರೋಜನ್ ಪೆರಾಕ್ಸೈಡುಗಳಿಂದ ಸೈಕ್ಲೋಹೆಕ್ಸೇನನ್ನು ಸೈಕ್ಲೋಹೆಕ್ಸನೋನ್ ಮಾಡುವ ವಿಧಾನಗಳಿಗೆ ಎ ಅಂಡ್ ಎಂ ವಿದ್ಯಾರ್ಥಿಗಳ 'ಆಗೀ' ಎಂಬ ಅಡ್ಡಹೆಸರನ್ನು ಸೇರಿಸಿ 'ಗೋಆಗ್' ಎಂದು ಹೆಸರಿಟ್ಟರು.

ಇಲ್ಲೊಂದು ಸ್ವಾರಸ್ಯವಿದೆ. ರ‍್ಯಾಡಿಕಲ್‌ಗಳನ್ನು ಪಳಗಿಸಿ ಹೆಸರಾದ ಬಾರ್ಟನ್, ಈ ಕ್ರಿಯೆಯ ಮುಖ್ಯ ಕೆಲಸ ರ‍್ಯಾಡಿಕಲ್‌ಗಳದ್ದಲ್ಲ, ಕಬ್ಬಿಣವೇ ನೇರವಾಗಿ ಬಂಧಕ್ಕೆ ಕೈಹಾಕುತ್ತದೆ ಎಂದು ವಾದಿಸಿದರು. 1990ರ ದಶಕದಲ್ಲಿ ಇತರರು ನಡೆಸಿದ ಪರೀಕ್ಷೆಗಳು ರ‍್ಯಾಡಿಕಲ್‌ಗಳತ್ತಲೇ ಬೊಟ್ಟು ಮಾಡಿದವು. ವಾದ ಮುಗಿಯುವ ಮೊದಲೇ, 1998ರ ಮಾರ್ಚ್ 16ರಂದು, ಕಾಲೇಜ್ ಸ್ಟೇಷನ್ನಿನಲ್ಲಿ ಅವರು ತೀರಿಕೊಂಡರು.

ವಿವರಣೆ ನಿಲ್ಲದಿದ್ದರೂ ಅವರು ಎತ್ತಿದ ಪ್ರಶ್ನೆ ನಿಂತಿದೆ. ಅಗ್ಗದ ಕಬ್ಬಿಣದಿಂದ, ಈಗ ಬೆಳಕಿನ ನೆರವೂ ಸೇರಿ, ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ ದುಡಿಸುವ ಕೆಲಸ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ವೆಸ್ಟ್ ಅವರ ಪ್ರಯೋಗಾಲಯದಲ್ಲಿ ನಡೆಯುತ್ತಿದೆ.