ಮೈಲುತುತ್ತು, ಸುಣ್ಣ ಮತ್ತು ಹತ್ತನೇ ಕ್ಲಾಸಿನ ಸಮೀಕರಣ

ಕಡಬ ತಾಲೂಕಿನ ಕೋಡಿಂಬಾಳದ ಕಡೆ ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಇದು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಆ ಮನೆಗಳ ಹತ್ತನೇ ಕ್ಲಾಸಿನ ಮಕ್ಕಳು 'ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು' ಪಾಠ ತೆರೆದಿರುತ್ತಾರೆ. ಎರಡೂ ಒಂದೇ ಕೆಮಿಸ್ಟ್ರಿ ಅಂತ ನನಗೆ ಹೊಳೆದದ್ದು ಎಂಜಿನಿಯರಿಂಗ್ ಮುಗಿಸಿ ಎಷ್ಟೋ ವರ್ಷದ ಮೇಲೆ.

ಸಮೀಕರಣ ಸರಿದೂಗಿಸುವುದು ಅಂದರೆ ಪರಮಾಣುಗಳ ಲೆಕ್ಕ ಒಪ್ಪಿಸುವುದು. ಕ್ರಿಯೆಯಲ್ಲಿ ಪರಮಾಣು ಹೊಸದಾಗಿ ಹುಟ್ಟಲ್ಲ, ಕಾಣೆಯೂ ಆಗಲ್ಲ. ಜೋಡಣೆ ಮಾತ್ರ ಬದಲಾಗುತ್ತದೆ. ಹಾಗಾಗಿ ಬಾಣದ ಎಡಕ್ಕೆ ಇದ್ದಷ್ಟೇ ಬಲಕ್ಕೂ ಇರಬೇಕು. ಲೆಕ್ಕ ಕೂಡದಿದ್ದಾಗ ಸೂತ್ರದ ಮುಂದಿನ ಅಂಕಿ ಬದಲಿಸಬಹುದು, ಸೂತ್ರದ ಒಳಗಿನ ಪುಟ್ಟ ಅಂಕಿ ಮುಟ್ಟುವಂತಿಲ್ಲ. ನೀರಿನ ಸೂತ್ರದಲ್ಲಿ ಆಕ್ಸಿಜನ್ ಒಂದರ ಬದಲು ಎರಡು ಮಾಡಿದರೆ ಲೆಕ್ಕ ಕೂಡುತ್ತದೆ ನಿಜ, ಆದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು ಸೇರಿ ಎರಡು ನೀರಿನ ಅಣು ಅನ್ನುವುದೇ ಸರಿ.

ಒಂದು ಉಪಾಯ: ಹಲವು ಕಡೆ ಬರುವ ಧಾತುವನ್ನು ಕೊನೆಗಿಡಿ. ಗ್ಯಾಸ್ ಸಿಲಿಂಡರಿನ ಪ್ರೊಪೇನ್ ಉರಿಯುವುದನ್ನೇ ನೋಡಿ. ಅದರಲ್ಲಿ ಕಾರ್ಬನ್ 3, ಹೈಡ್ರೋಜನ್ 8. ಅಂದರೆ 3 ಕಾರ್ಬನ್ ಡೈಆಕ್ಸೈಡ್, 4 ನೀರು. ಬಲಕ್ಕೆ ಆಕ್ಸಿಜನ್ ಪರಮಾಣು 10 ಆಯಿತು, ಎಡಕ್ಕೆ 5 ಆಕ್ಸಿಜನ್ ಅಣು ಬೇಕು. ಮುಗೀತು.

ಈಗ ತೋಟಕ್ಕೆ ಬರೋಣ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಅದು ನೀರು ಹಾಕಿ ಅರಳಿಸಿದ ಸುಣ್ಣದ ಜೊತೆ ಸೇರಿ ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ. ಬಕೆಟ್‌ನೊಳಗೆ ನಡೆಯುವುದು ಇದಕ್ಕಿಂತ ಜಟಿಲ, ಆದರೆ ಲೆಕ್ಕಕ್ಕೆ ಇಷ್ಟು ಸಾಕು. ಬರೆದ ಕೂಡಲೇ ಸರಿದೂಗಿರುವ ಸಮೀಕರಣ ಇದು, ಎಲ್ಲದರ ಮುಂದೆಯೂ 1. ಹಾಗಾದರೆ 1 ಕಿಲೋಗೆ 1 ಕಿಲೋ ಅಂತ ತೋಟದಲ್ಲಿ ಹೇಳುವುದು ಇದನ್ನೇ?

ಅಲ್ಲ. ಆ 1 ಕಿಲೋ ಅಲ್ಲ, ಅಣುಗಳ ಎಣಿಕೆ. ಹರಳು ಮೈಲುತುತ್ತಿನ ಸೂತ್ರತೂಕ ಸುಮಾರು 250, ಅದರಲ್ಲಿ ನೀರೂ ಸೇರಿದೆ. ಅರಳಿಸಿದ ಸುಣ್ಣದ್ದು 74. ಅಂದರೆ 1 ಕಿಲೋ ಮೈಲುತುತ್ತಿಗೆ ಶುದ್ಧ ಸುಣ್ಣ 300 ಗ್ರಾಂ ಸಾಕು. ಉಳಿದದ್ದು ಯಾಕೆ? ಸಿಗುವ ಸುಣ್ಣ ಶುದ್ಧ ಇರಲ್ಲ. ಹಳತಾದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗಿರುತ್ತದೆ. ಸುಣ್ಣ ಕಮ್ಮಿಬಿದ್ದು ತಾಮ್ರ ಹಾಗೇ ಉಳಿದರೆ ಎಳೆ ಕಾಯಿ, ಹಿಂಗಾರ ಸುಡುತ್ತದೆ. ಒಂದು ವರ್ಷದ ಫಸಲಿನ ಪ್ರಶ್ನೆ ಅದು.

ಪರೀಕ್ಷೆ ಕೇಳುವುದು ಅಂಕಿ ತುಂಬಿಸಲು ಮಾತ್ರ. ಆ ಅಂಕಿಯಿಂದ ತೂಕಕ್ಕೆ ಹೋಗುವ ದಾರಿಯನ್ನು ಅಲ್ಲೇ ತೋರಿಸದಿರುವುದು ನನ್ನ ತಕರಾರು.

ದ್ರಾವಣ ಹದಕ್ಕೆ ಬಂತಾ ಅಂತ ನೋಡಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್‌ಗೆ ಹಾಕುವ ಪ್ರಯೋಗವೂ ಇದೇ: ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳಿ ಅದರ ಜಾಗಕ್ಕೆ ಹೋಗುತ್ತದೆ. ಕತ್ತಿಯ ಮೇಲೆ ಕೆಂಪು-ಕಂದು ಕೂತರೆ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಕತ್ತಿ ಉಜ್ಜಿ ಮತ್ತೆ ಅದ್ದಬೇಕು.