ಬವರ್ಸ್ ಆಂಡ್ ವಿಲ್ಕಿನ್ಸ್ 801: ಕೊಂಡವರ ಕಿವಿಗೆ ಕೇಳಿದ್ದೇನು?

ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ವರ್ದಿಂಗ್ ಪಟ್ಟಣದಲ್ಲಿ ಜಾನ್ ಬವರ್ಸ್ ಮತ್ತು ರಾಯ್ ವಿಲ್ಕಿನ್ಸ್ ಎಂಬ ಗೆಳೆಯರಿಬ್ಬರು ವಿದ್ಯುನ್ಮಾನ ಉಪಕರಣಗಳ ಅಂಗಡಿಯೊಂದನ್ನು ನಡೆಸುತ್ತಿದ್ದರು. ಸಂಗೀತಪ್ರಿಯರಾಗಿದ್ದ ಬವರ್ಸ್ ತಮ್ಮ ಗಿರಾಕಿಗಳಿಗಾಗಿ ಸ್ಪೀಕರ್‌ಗಳನ್ನು ಸ್ವತಃ ಜೋಡಿಸಿಕೊಡುತ್ತಿದ್ದರು. ಅಂತಹ ಗಿರಾಕಿಗಳಲ್ಲಿ ಒಬ್ಬರಾದ ಮಿಸ್ ನೈಟ್ ಎಂಬ ವೃದ್ಧೆ ತಮಗೆ ದೊರೆತ ಸ್ಪೀಕರಿನ ನಾದಕ್ಕೆ ಎಷ್ಟು ಮನಸೋತರೆಂದರೆ, ತಮ್ಮ ಉಯಿಲಿನಲ್ಲಿ ಬವರ್ಸ್‌ಗೆ 10,000 ಪೌಂಡ್ ಬರೆದಿಟ್ಟರು. ಆ ಹಣದಿಂದಲೇ 1966ರಲ್ಲಿ ಬವರ್ಸ್ ಆಂಡ್ ವಿಲ್ಕಿನ್ಸ್ ಎಂಬ ಧ್ವನಿವರ್ಧಕ ಸಂಸ್ಥೆ ಹುಟ್ಟಿತೆಂದು ಆ ಸಂಸ್ಥೆಯೇ ಹೇಳಿಕೊಂಡು ಬಂದಿದೆ. ಸ್ಪೀಕರ್ ಕೊಂಡವರೊಬ್ಬರು ಅದರ ಬಗ್ಗೆ ನೀಡಿದ ಇಷ್ಟು ಬೆಲೆಬಾಳುವ ಪ್ರಶಂಸಾಪತ್ರ ಮತ್ತೊಂದು ಇರಲಾರದು.

ಉನ್ನತ ದರ್ಜೆಯ ಸ್ಪೀಕರ್‌ಗಳ ವಿಷಯದಲ್ಲಿ ಕೊಂಡವರ ಮಾತಿಗೆ ಇಂದಿಗೂ ತೂಕ ಹೆಚ್ಚು. ಇವು ಎಲ್ಲ ಊರುಗಳ ಅಂಗಡಿಗಳಲ್ಲಿ ಕೇಳಸಿಗುವ ವಸ್ತುಗಳಲ್ಲ. ಆದ್ದರಿಂದ ಆಸಕ್ತರು ಈಗಾಗಲೇ ಕೊಂಡವರನ್ನು ವಿಚಾರಿಸುತ್ತಾರೆ. ಆದರೆ ಆ ಮಾತುಗಳು ನಿಜಕ್ಕೂ ಯಾವುದರ ಬಗೆಗಿನವು ಎಂಬುದನ್ನು ಅರಿಯದಿದ್ದರೆ ಲಕ್ಷಾಂತರ ರೂಪಾಯಿ ತಪ್ಪು ಜಾಗದಲ್ಲಿ ಹೂಡಿದಂತಾಗುತ್ತದೆ. ಇದನ್ನು ವಿವರಿಸಲು ಅದೇ ಸಂಸ್ಥೆಯ 801 ಮಾದರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸ್ಟುಡಿಯೋದಿಂದ ಮನೆಗೆ

801 ಮೊದಲು ಹೊರಬಂದದ್ದು 1979ರಲ್ಲಿ. ಮಂದ್ರ ಸ್ವರಗಳಿಗೆ ಕೆಳಗೊಂದು ದೊಡ್ಡ ಪೆಟ್ಟಿಗೆ, ಅದರ ಮೇಲೆ ಮಧ್ಯಮ ಸ್ವರಗಳ ಘಟಕ, ತುದಿಯಲ್ಲಿ ತಾರ ಸ್ವರಗಳ ಟ್ವೀಟರ್, ಹೀಗೆ ಮೂರಕ್ಕೂ ಬೇರೆ ಬೇರೆ ಗೂಡು ಕಲ್ಪಿಸಿದ್ದು ಅದರ ವಿಶೇಷ. ಲಂಡನ್ನಿನ ಅಬ್ಬೀ ರೋಡ್ ಸ್ಟುಡಿಯೋ 1980ರ ದಶಕದಲ್ಲಿ ಇದನ್ನು ಬಳಸತೊಡಗಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣ ಲೋಕದಲ್ಲಿ ಅದಕ್ಕೆ ಒಂದು ಬಗೆಯ ಅಧಿಕೃತತೆ ಬಂದಿತು. 1987ರ ಮೇಟ್ರಿಕ್ಸ್ 801ರಲ್ಲಿ ಪೆಟ್ಟಿಗೆಯ ಒಳಗೆ ಜೇನುಗೂಡಿನಂತೆ ಅಡ್ಡಪಟ್ಟಿಗಳನ್ನು ಹೆಣೆದು ಮರದ ಕಂಪನವನ್ನು ಅಡಗಿಸಲಾಯಿತು. 1998ರ ನಾಟಿಲಸ್ 801ಕ್ಕೆ 15 ಅಂಗುಲದ ವೂಫರ್ ಬಂದಿತು. 2005ರಲ್ಲಿ ಈ ಸರಣಿಗೆ ಕೃತಕ ವಜ್ರದ ಟ್ವೀಟರ್ ಸೇರಿತು. ದಶಕಗಳ ಕಾಲ ಸಂಸ್ಥೆಯ ಗುರುತೇ ಆಗಿದ್ದ ಹಳದಿ ಬಣ್ಣದ ಕೆವ್ಲಾರ್ ಶಂಕುವನ್ನು 2015ರಲ್ಲಿ ಕೈಬಿಡಲಾಯಿತು. 2021ರ 801 ಡಿ4 ಮಾದರಿಯ ಪ್ರತಿಯೊಂದು ಸ್ಪೀಕರಿನ ತೂಕ ಸುಮಾರು 100 ಕಿಲೋ. ಅಮೆರಿಕದಲ್ಲಿ ಬಿಡುಗಡೆಯಾದಾಗ ಜೋಡಿಗೆ 35,000 ಡಾಲರ್ ಬೆಲೆಯಿತ್ತು.

ಇಂತಹ ಸ್ಪೀಕರ್ ಕೊಂಡವರು ಮೊದಲ ವಾರದಲ್ಲಿ ಆಡುವ ಮಾತುಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಹಿಂದೆಂದೂ ಕೇಳದ ಸೂಕ್ಷ್ಮಗಳು ಕೇಳುತ್ತಿವೆ, ಗಾಯಕ ಎದುರಿಗೇ ಕುಳಿತಂತಿದೆ, ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಮಿಡಿಯುತ್ತಿವೆ. ಇವು ಸುಳ್ಳಲ್ಲ. ಆದರೆ ಕೆಲವು ತಿಂಗಳು ಕಳೆದ ಮೇಲೆ ಬರುವ ಮಾತುಗಳಲ್ಲಿ ಹೆಚ್ಚಿನ ಹುರುಳಿದೆ. ಆಗ ಕೇಳಿಬರುವ ಸಾಮಾನ್ಯ ದೂರು, ಕೆಟ್ಟ ಧ್ವನಿಮುದ್ರಣಗಳನ್ನು ಇದು ಕ್ಷಮಿಸುವುದಿಲ್ಲ ಎಂಬುದು. ಸ್ಟುಡಿಯೋದಲ್ಲಿ ತಪ್ಪು ಹುಡುಕಲೆಂದು ಬಳಕೆಯಾದ ವಂಶದ ಸ್ಪೀಕರ್ ಮನೆಯಲ್ಲಿಯೂ ಅದೇ ಕೆಲಸ ಮಾಡಿದರೆ ಆಶ್ಚರ್ಯವಿಲ್ಲ. ಮಲ್ಲಿಕಾರ್ಜುನ ಮನ್ಸೂರರ 78 ಸುತ್ತಿನ ತಟ್ಟೆಗಳ ಕಾಲದ ಗಾಯನವನ್ನೇ ಹೆಚ್ಚಾಗಿ ಕೇಳುವವರು, ಆ ಕಂಠದ ಜೊತೆಗೆ ತಟ್ಟೆಯ ಕರಕರ ಸದ್ದೂ ಸ್ಫುಟವಾಗಿ ಕೇಳಬೇಕೇ ಎಂದು ಮೊದಲೇ ನಿರ್ಧರಿಸಿಕೊಳ್ಳುವುದು ಒಳಿತು.

ಗೋಡೆಗಳ ಪಾಲು

ಎರಡನೆಯ ದೂರು ಮಂದ್ರ ಸ್ವರಗಳದು. ಒಬ್ಬರು ಗಂಭೀರ, ಶುದ್ಧ ಎಂದು ಹೊಗಳಿದ ಅದೇ ಸ್ಪೀಕರ್ ಇನ್ನೊಬ್ಬರ ಮನೆಯಲ್ಲಿ ಗುಂಯ್‌ಗುಡುತ್ತದೆ. ಇದರಲ್ಲಿ ಇಬ್ಬರೂ ಸುಳ್ಳಾಡುತ್ತಿಲ್ಲ. ಅವರು ತಂತಮ್ಮ ಕೋಣೆಗಳನ್ನು ವರ್ಣಿಸುತ್ತಿದ್ದಾರೆ.

ಎದುರುಬದುರಾದ ಎರಡು ಗೋಡೆಗಳ ನಡುವೆ ಶಬ್ದ ಹೋಗಿ ಮರಳುವಾಗ, ಕೆಲವು ಆವರ್ತನಗಳು ಆ ಅಂತರಕ್ಕೆ ಸರಿಹೊಂದಿ ಉಬ್ಬುತ್ತವೆ. ಲೆಕ್ಕ ಸುಲಭ. ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಅನುರಣನ ಸಿಗುತ್ತದೆ. 12 ಅಡಿ ಅಂತರಕ್ಕೆ ಅದು 47 ಹರ್ಟ್ಸ್, 10 ಅಡಿಗೆ 57 ಹರ್ಟ್ಸ್. ಕೋಣೆ ಚೌಕವಾಗಿದ್ದರೆ ಉದ್ದ ಅಗಲಗಳೆರಡರ ಅನುರಣನವೂ ಒಂದೇ ಸ್ವರದ ಮೇಲೆ ಬೀಳುವುದರಿಂದ ಉಪದ್ರವ ಇಮ್ಮಡಿಯಾಗುತ್ತದೆ. 801 ಡಿ4 ಮಾದರಿಯು 15 ಹರ್ಟ್ಸ್‌ವರೆಗೆ ಇಳಿಯಬಲ್ಲದೆಂದು ತಯಾರಕರು ಹೇಳುತ್ತಾರೆ. ಸಣ್ಣ ಕೋಣೆಯಲ್ಲಿ ಈ ಸಾಮರ್ಥ್ಯವೇ ಮುಳುವಾಗುವುದುಂಟು. ಅದೇ ಕೋಣೆಯಲ್ಲಿ, ಸ್ಟ್ಯಾಂಡಿನ ಮೇಲಿಡುವ ಚಿಕ್ಕ ಸ್ಪೀಕರ್ 50-60 ಹರ್ಟ್ಸ್‌ನ ಕೆಳಗೆ ಕ್ಷೀಣಿಸುತ್ತಾ ಹೋಗುವ ಕಾರಣ ಗೋಡೆಗಳನ್ನು ಅಷ್ಟಾಗಿ ಕೆಣಕುವುದಿಲ್ಲ. ಹತ್ತನೆಯ ಒಂದು ಪಾಲು ಬೆಲೆಯ ಸ್ಪೀಕರ್ ಹೆಚ್ಚು ಹಿತವಾಗಿ ಕೇಳುವ ಸಂದರ್ಭಗಳು ಹೀಗೆ ಒದಗುತ್ತವೆ.

ಯೂರೋಪಿನ ಅಥವಾ ಅಮೆರಿಕದ ಒಡೆಯರ ಅಭಿಪ್ರಾಯವನ್ನು ಬೆಂಗಳೂರಿನ, ಹುಬ್ಬಳ್ಳಿಯ ಫ್ಲ್ಯಾಟುಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಅಮೆರಿಕದ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದ ಗೋಡೆಗಳೇ ಹೆಚ್ಚು. ಅವು ತಾವೂ ಕೊಂಚ ಅದುರಿ ಮಂದ್ರ ಶಬ್ದದ ಒಂದಂಶವನ್ನು ಹೀರುತ್ತವೆ. ನಮ್ಮ ಕಾಂಕ್ರೀಟ್ ಗೋಡೆಗಳು ಬಹುಪಾಲನ್ನು ಮರಳಿಸುತ್ತವೆ. ನೆಲದ ಟೈಲ್ಸ್, ದೊಡ್ಡ ಗಾಜಿನ ಕಿಟಕಿಗಳು ತಾರ ಸ್ವರಗಳಿಗೂ ಅದೇ ಗತಿ ಕಾಣಿಸುತ್ತವೆ. ಸ್ಪೀಕರ್ "ಚುಚ್ಚುತ್ತದೆ" ಎಂದು ಮಾರಿಬಿಡುವ ಮುನ್ನ ದಪ್ಪನೆಯ ಜಮಖಾನೆಯೊಂದನ್ನು ಹಾಸಿ, ಭಾರವಾದ ಪರದೆಗಳನ್ನು ಇಳಿಬಿಟ್ಟು ನೋಡಬೇಕು. ಸ್ಪೀಕರನ್ನು ಮೂಲೆಯಿಂದ ಹೊರಗೆಳೆಯುವುದು, ಸೋಫಾವನ್ನು ಹಿಂದಿನ ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಸರಿಸುವುದು ಕಾಸಿಲ್ಲದ ಚಿಕಿತ್ಸೆಗಳು. ಗೋಡೆಯ ಬಳಿ ಮಂದ್ರ ಸ್ವರಗಳ ಒತ್ತಡ ಗರಿಷ್ಠವಾಗಿರುವುದೇ ಇದಕ್ಕೆ ಕಾರಣ. ಮನೆಮಂದಿಯ ಒಪ್ಪಿಗೆ ಪಡೆಯುವುದು ಮಾತ್ರ ಭೌತಶಾಸ್ತ್ರಕ್ಕೆ ಮೀರಿದ್ದು.

ಆಂಪ್ಲಿಫೈಯರ್ ಮತ್ತು ಮನಸ್ಸು

"ಜೀವವಿಲ್ಲ, ಜಡವಾಗಿದೆ" ಎಂಬ ಅಭಿಪ್ರಾಯ ಕಂಡಲ್ಲಿ ಆಂಪ್ಲಿಫೈಯರ್ ಯಾವುದೆಂದು ವಿಚಾರಿಸಬೇಕು. 801 ಡಿ4 ಮಾದರಿಯನ್ನು 8 ಓಂ ಎಂದು ಗುರುತಿಸಿದ್ದರೂ ಅದರ ಪ್ರತಿರೋಧ ಕೆಲವು ಆವರ್ತನಗಳಲ್ಲಿ 3 ಓಂಗೆ ಕುಸಿಯುತ್ತದೆ. ಅಲ್ಲಿ ಅದೇ ವೋಲ್ಟೇಜಿಗೆ ಎರಡೂವರೆ ಪಟ್ಟಿಗೂ ಮೀರಿ ವಿದ್ಯುತ್ ಪ್ರವಾಹ ಹರಿಯಬೇಕು. ಸಂಗೀತದ ಸ್ವಭಾವವೂ ಇದಕ್ಕೆ ಸೇರುತ್ತದೆ: ಸರಾಸರಿ ಮಟ್ಟಕ್ಕಿಂತ ಕ್ಷಣಿಕ ಶಿಖರಗಳು 20 ಡೆಸಿಬಲ್ ಎತ್ತರಕ್ಕೇರಿದರೆ ಶಕ್ತಿಯ ಬೇಡಿಕೆ ನೂರು ಪಟ್ಟು. ಸರಾಸರಿ ಒಂದು ವ್ಯಾಟ್ ಸಾಕಾಗುವಲ್ಲಿ ಮೃದಂಗದ ಒಂದು ಪೆಟ್ಟಿಗೆ ನೂರು ವ್ಯಾಟ್ ಬೇಕಾದೀತು. ಸ್ಪೀಕರಿಗೆಂದು ತೆಗೆದಿರಿಸಿದ ಹಣ ಆಂಪ್ಲಿಫೈಯರಿಗೂ ಹರಿಯುವುದು ಹೀಗೆ.

ಇನ್ನು ಮನಸ್ಸಿನ ಪಾಲು. ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 40 ಶ್ರೋತೃಗಳಿಗೆ ನಾಲ್ಕು ಸ್ಪೀಕರ್ ವ್ಯವಸ್ಥೆಗಳನ್ನು ಒಮ್ಮೆ ತೆರೆಯ ಮರೆಯಲ್ಲಿ, ಇನ್ನೊಮ್ಮೆ ಕಣ್ಣೆದುರಿಗೆ ಕೇಳಿಸಲಾಯಿತು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಸ್ಪೀಕರ್‌ಗಳ ಅಂಕ ಏರಿತು. ಸಣ್ಣದಾದ, ಅಗ್ಗದ ವ್ಯವಸ್ಥೆಯ ಅಂಕ ಇಳಿಯಿತು. ಸ್ಪೀಕರಿನ ಸ್ಥಾನ ಬದಲಿಸಿದಾಗ ಆಗುವ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯೂ ಕಣ್ಣು ತೆರೆದಾಗ ಕುಂದಿತು. ಶ್ರೋತೃಗಳೆಲ್ಲ ಹರ್ಮನ್ ಎಂಬ ಧ್ವನಿವರ್ಧಕ ಸಂಸ್ಥೆಯ ನೌಕರರೇ ಆಗಿದ್ದರು ಎಂಬುದು ಗಮನಾರ್ಹ. (ಅದೇ ಹರ್ಮನ್ 2025ರಲ್ಲಿ ಬವರ್ಸ್ ಆಂಡ್ ವಿಲ್ಕಿನ್ಸ್ ಅನ್ನು ಕೊಂಡುಕೊಂಡಿತು.) ಸ್ವಂತ ಹಣ ತೆತ್ತವರ ಕಿವಿ ಇನ್ನೆಷ್ಟು ಪಕ್ಷಪಾತಿಯಾಗಿರಬಹುದು!

ನೂರಾರು ಗಂಟೆ ನುಡಿಸಿದ ಮೇಲೆ ನಾದ "ತೆರೆದುಕೊಂಡಿತು" ಎಂಬ ಮಾತನ್ನೂ ಈ ಬೆಳಕಿನಲ್ಲೇ ನೋಡಬೇಕು. ಹೊಸ ವೂಫರಿನ ಅಂಚು ಆರಂಭದಲ್ಲಿ ತುಸು ಸಡಿಲವಾಗುವುದು ನಿಜ. ಆದರೆ ಬಹುಮಟ್ಟಿಗೆ ಪಳಗುವುದು ನಮ್ಮ ಕಿವಿಯೇ ಎಂದು ಈ ಲೇಖಕನ ಅಭಿಪ್ರಾಯ. ಅಷ್ಟರಲ್ಲಿ ಮರಳಿಸುವ ಅವಧಿ ಮುಗಿದಿರುತ್ತದೆ, ಆ ಮಾತು ಬೇರೆ.

ಹಾಗೆಂದು ಒಡೆಯರ ಅನುಭವವನ್ನು ತಳ್ಳಿಹಾಕಬೇಕಾಗಿಲ್ಲ. ಕೋಣೆಯ ಅಳತೆ, ಆಂಪ್ಲಿಫೈಯರಿನ ಹೆಸರು, ಕೇಳುವ ಸಂಗೀತ, ಬಳಸಿದ ಕಾಲ ಇಷ್ಟನ್ನೂ ತಿಳಿಸಿದವರ ಒಂದು ಸಾಲು, ಇವಾವುದನ್ನೂ ಹೇಳದ ನಾಲ್ಕು ಪುಟಗಳಿಗಿಂತ ಉಪಯುಕ್ತ. ಎಲ್ಲಕ್ಕಿಂತ ಮೌಲಿಕವಾದುದು, ವರ್ಷಗಟ್ಟಲೆ ಬಳಸಿ ಮಾರಿದವರ ಮಾತು. ಅವರಿಗೆ ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಳ್ಳುವ ಹಂಗು ಉಳಿದಿರುವುದಿಲ್ಲ. ಏಕೆ ಮಾರಿದಿರಿ, ಈಗ ಏನಿದೆ ಎಂಬ ಎರಡು ಪ್ರಶ್ನೆಗಳಿಗೆ ಅವರು ಸಾಮಾನ್ಯವಾಗಿ ನೇರವಾಗಿಯೇ ಉತ್ತರಿಸುತ್ತಾರೆ. ಮಾರಾಟಗಾರರು ಒಪ್ಪಿದರೆ ವಾರಾಂತ್ಯಕ್ಕೆ ಸ್ಪೀಕರನ್ನು ಮನೆಗೇ ತರಿಸಿ, ತಮಗೆ ಕಂಠಪಾಠವಾಗಿರುವ ನಾಲ್ಕು ಹಾಡುಗಳನ್ನು ಹಾಕಿ ಕೇಳಬೇಕು. ನೂರು ಕಿಲೋದ ಎರಡು ಪೆಟ್ಟಿಗೆಗಳನ್ನು ಹೊತ್ತು ತರಲು ಅವರು ಸುಲಭವಾಗಿ ಒಪ್ಪಲಾರರು. ಲಿಫ್ಟಿನ ಬಾಗಿಲಿನ ಅಗಲವನ್ನೂ ಮೊದಲೇ ಅಳೆದಿಟ್ಟುಕೊಳ್ಳಿ.